ಹೆಬ್ಬೆಟ್ಟಿನ ಚರಿತ್ರೆ: ನೇಗಿಲ ಗುರುತಿನಿಂದ ಮೊಬೈಲಿನವರೆಗೆ

ಕನ್ನಡದಲ್ಲಿ ‘ಹೆಬ್ಬೆಟ್ಟು’ ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು, ಕೈಯ ಹಿರಿಯ ಬೆರಳು. ಇನ್ನೊಂದು, ಓದುಬರಹ ಬಾರದವನು. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಉದಗೀರ, ನಿಲಂಗಾ, ಉಮರ್ಗಾ ಸೀಮೆಯಲ್ಲಿ ‘ಅಂಗಠಾಛಾಪ’ ಎಂಬ ಮಾತಿಗೂ ಇದೇ ಅರ್ಥ. ಒಬ್ಬ ಮನುಷ್ಯನನ್ನು ಹೀಗಳೆಯಲು ಬಳಸುತ್ತಿದ್ದ ಈ ಗುರುತು ಇಂದು ಪದವೀಧರನಿಗೂ ಬ್ಯಾಂಕಿನ, ಪಡಿತರದ, ಮೊಬೈಲಿನ ಬೀಗದ ಕೈಯಾಗಿದೆ. ಅಕ್ಷರ ಕಲಿತು ಹೆಬ್ಬೆಟ್ಟನ್ನು ಬಿಟ್ಟೆವೆಂದು ಹೆಮ್ಮೆಪಟ್ಟ ಸಮಾಜವು ಮತ್ತೆ ಹೆಬ್ಬೆಟ್ಟಿಗೇ ಮರಳಿದ್ದು ಹೇಗೆ? ಈ ತಿರುವಿನಲ್ಲಿ ನಮ್ಮ ಖಾಸಗಿತನಕ್ಕೆ ಏನಾಯಿತು? ಈ ಎರಡು ಪ್ರಶ್ನೆಗಳನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಪ್ಪ ಮತ್ತು ನಿಶಾಣಿ

ಬರೆದ ಮಾತಿಗೆ ತನ್ನ ಸಮ್ಮತಿಯಿದೆಯೆಂದು ತೋರಿಸುವ ಗುರುತಿಗೆ ಹಳಗಾಲದ ಕನ್ನಡ ದಾಖಲೆಗಳಲ್ಲಿ ‘ಒಪ್ಪ’ ಎಂಬ ಹೆಸರುಂಟು. ವಿಜಯನಗರದ ಅರಸರ ತಾಮ್ರಶಾಸನಗಳು ನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವು ಕನ್ನಡ ಅಕ್ಷರಗಳಲ್ಲಿರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಒಪ್ಪ ಮತ್ತು ಒಪ್ಪಿಗೆ ಒಂದೇ ಬೇರಿನ ಮಾತುಗಳು. ಒಪ್ಪವೆಂದರೆ ಬರಿಯ ಗುರುತಲ್ಲ, ತಿಳಿದು ಕೊಟ್ಟ ಸಮ್ಮತಿ ಎಂಬ ಭಾವ ನಮ್ಮ ನುಡಿಯಲ್ಲೇ ಅಡಗಿದೆ.

ಅರಸನಿಗೆ ಅಂಕಿತವಿತ್ತು, ಅಧಿಕಾರಿಗೆ ಮುದ್ರೆಯಿತ್ತು. ಅಕ್ಷರ ಬಾರದ ಒಕ್ಕಲಿಗನಿಗೆ ಏನಿತ್ತು? ಮರಾಠಾ ಆಳ್ವಿಕೆಯ ಕಾಲದ ಗ್ರಾಮಪತ್ರಗಳಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. ಪಾಟೀಲನೂ ಒಕ್ಕಲಿಗನೂ ತಮ್ಮ ಹೆಸರಿನ ಮುಂದೆ ನೇಗಿಲಿನ ಚಿತ್ರ ಬರೆಯುತ್ತಿದ್ದರು. ಅದಕ್ಕೆ ‘ನಿಶಾಣಿ ನಾಂಗರ’ ಎಂದು ಹೆಸರು. ಬಡಗಿಯು ತನ್ನ ಬಾಚಿಯನ್ನು, ಕ್ಷೌರಿಕನು ಕನ್ನಡಿಯನ್ನು, ಅಂಗಡಿಯವನು ತಕ್ಕಡಿಯನ್ನು ಗುರುತಾಗಿ ಹಾಕುತ್ತಿದ್ದರು. ಓದಲು ಬಾರದವನಿಗೂ ತನ್ನ ಕಸುಬಿನ ಘನತೆಯೊಂದು ಸಹಿಯಾಗಿ ಒದಗುತ್ತಿತ್ತು. ಆದರೆ ಇದರಲ್ಲೊಂದು ಕೊರತೆಯೂ ಇತ್ತು. ಒಬ್ಬನ ನೇಗಿಲನ್ನು ಇನ್ನೊಬ್ಬನು ಬರೆಯಬಹುದಿತ್ತು. ಬರೆದವನು ಕುಲಕರ್ಣಿಯೋ ಸ್ವತಃ ಒಕ್ಕಲಿಗನೋ ಎಂಬುದನ್ನು ಸಾಕ್ಷಿಗಳೇ ಹೇಳಬೇಕಿತ್ತು.

ಓದಲಾಗದ ಕಾಗದ

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಗದಪತ್ರದ ಬಲ ಹೆಚ್ಚಿತು. ಹಳೆಯ ಪಂಚಾಯಿತಿಯಲ್ಲಿ ಬಾಯಿಮಾತಿಗೆ ಬೆಲೆಯಿತ್ತು. ಬ್ರಿಟಿಷರ ನ್ಯಾಯಾಲಯದಲ್ಲಿ ಬರೆದ ಕರಾರಿಗೆ ಮಾತ್ರ ಬೆಲೆ. ಸಾಲ ಪಡೆದ ರೈತನು ತಾನು ಓದಲಾರದ ಪತ್ರಕ್ಕೆ ಗುರುತು ಹಾಕಿ ಮನೆಗೆ ಹೋಗುತ್ತಿದ್ದ. ಅದರಲ್ಲಿ ಬರೆದ ಮೊತ್ತವೆಷ್ಟೆಂಬುದು ಜಪ್ತಿ ಬಂದ ದಿನ ಅವನಿಗೆ ತಿಳಿಯುತ್ತಿತ್ತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಗ್ರಾಮದಲ್ಲಿ ಆರಂಭವಾದ ದಖ್ಖನಿನ ರೈತರ ದಂಗೆಯಲ್ಲಿ ರೈತರು ಸಾಹುಕಾರರ ಮನೆಗಳಿಂದ ಹುಡುಕಿ ತೆಗೆದು ಸುಟ್ಟಿದ್ದು ಮುಖ್ಯವಾಗಿ ಸಾಲದ ಪತ್ರಗಳನ್ನೇ. ಅವರ ಸಿಟ್ಟಿಗೆ ಗುರಿಯಾದದ್ದು ತಾವೇ ಗುರುತು ಹಾಕಿದ, ಆದರೆ ತಾವು ಓದದ ಕಾಗದ. ಇದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ನಮ್ಮ ನೆರೆಯ ಸೊಲ್ಲಾಪುರವೂ ಅದರ ವ್ಯಾಪ್ತಿಯಲ್ಲಿತ್ತು. ರೈತನ ಪತ್ರವನ್ನು ಗ್ರಾಮದ ನೋಂದಣಿಕಾರನ ಮುಂದೆಯೇ ಬರೆಯಿಸಬೇಕೆಂಬುದು ಆ ಕಾಯಿದೆಯ ಒಂದು ಮುಖ್ಯ ಅಂಶ.

ಉದಗೀರ ಮತ್ತು ನಿಲಂಗಾ ಆಗ ನಿಜಾಮರ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ಇಲ್ಲಿ ಈ ತೊಡಕು ಇಮ್ಮಡಿಯಾಗಿತ್ತು. ಸರ್ಕಾರದ ಭಾಷೆ ಮೊದಲು ಪರ್ಷಿಯನ್, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಉರ್ದು. ಮನೆಯಲ್ಲಿ ಕನ್ನಡ ಓದಬಲ್ಲವನಾಗಿದ್ದರೂ, ವಚನಗಳ ಕಟ್ಟನ್ನು ನಿತ್ಯ ಪಾರಾಯಣ ಮಾಡುವವನಾಗಿದ್ದರೂ ಕಚೇರಿಯ ಕಾಗದದ ಮುಂದೆ ಅವನು ನಿರಕ್ಷರಿಯೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾದಾಗ ಬೀದರ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಸೇರಿತು; ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿ ಮುಂದೆ ಮಹಾರಾಷ್ಟ್ರದವಾದವು. ಕಚೇರಿಯ ಭಾಷೆ ಮತ್ತೊಮ್ಮೆ ಬದಲಾಯಿತು. ಗಡಿನಾಡಿನ ಕನ್ನಡಿಗನ ಅನುಭವ ಇದು: ನಿರಕ್ಷರತೆ ಎಂಬುದು ಅಕ್ಷರವೇ ಬಾರದವನಿಗೆ ಮಾತ್ರ ಸೇರಿದ್ದಲ್ಲ. ತನ್ನ ಮುಂದಿಟ್ಟ ಕಾಗದವನ್ನು ಓದಲಾರದ ಪ್ರತಿಯೊಬ್ಬನೂ ಆ ಗಳಿಗೆಗೆ ಹೆಬ್ಬೆಟ್ಟೇ.

ಜಂಗೀಪುರದ ಅಂಗೈ

ನೇಗಿಲಿನ ಚಿತ್ರದ ಜಾಗಕ್ಕೆ ಬೆರಳಿನ ಅಚ್ಚು ಬಂದದ್ದು ಹೇಗೆಂಬುದಕ್ಕೆ ಈಗ ಬಂಗಾಳದ ಕಡೆಗೆ ನೋಡಬೇಕು. 1858ರ ಜುಲೈಯಲ್ಲಿ ಜಂಗೀಪುರದ ಆಡಳಿತಾಧಿಕಾರಿ ವಿಲಿಯಂ ಹರ್ಷೆಲ್ ರಸ್ತೆಯ ಸಾಮಗ್ರಿ ಪೂರೈಸಲು ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನೊಂದಿಗೆ ಕರಾರು ಮಾಡಿಕೊಂಡನು. ಮುಂದೆ ಸಹಿ ತನ್ನದಲ್ಲವೆಂದು ಅವನು ಜಾರಿಕೊಳ್ಳಬಾರದೆಂದು ಹರ್ಷೆಲ್ ಅವನ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದನು. ಹೆದರಿಸುವುದಕ್ಕಾಗಿ ಹೂಡಿದ ಈ ಉಪಾಯ ಅವನ ಕುತೂಹಲವನ್ನು ಕೆರಳಿಸಿತು. ಸ್ನೇಹಿತರ, ನೌಕರರ ಬೆರಳಚ್ಚುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ಅವು ವಯಸ್ಸಿನೊಡನೆ ಬದಲಾಗುವುದಿಲ್ಲವೆಂಬುದನ್ನು ಕಂಡುಕೊಂಡನು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಪಿಂಚಣಿ, ನೋಂದಣಿ ಮತ್ತು ಸೆರೆಮನೆ ಈ ಮೂರು ಕಡೆ ಬೆರಳಚ್ಚನ್ನು ಜಾರಿಗೆ ತಂದನು.

ಅಚ್ಚುಗಳನ್ನು ಕೂಡಿಡುವುದು ಸುಲಭ. ಸಾವಿರಾರು ಅಚ್ಚುಗಳಲ್ಲಿ ಒಂದನ್ನು ಹುಡುಕುವುದು ಕಷ್ಟ. ಈ ಸಮಸ್ಯೆಯನ್ನು ಬಿಡಿಸಿದವರು ಕಲ್ಕತ್ತೆಯಲ್ಲಿ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿಯುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹತ್ತು ಬೆರಳುಗಳ ಸುಳಿಗಳನ್ನು ಆಧರಿಸಿ 1,024 ಗೂಡುಗಳಲ್ಲಿ ಅಚ್ಚುಗಳನ್ನು ವಿಂಗಡಿಸುವ ಗಣಿತಕ್ರಮ ರೂಪುಗೊಂಡಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಸ್ಥಾಪನೆಯಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಈ ಕ್ರಮವನ್ನು ಅಳವಡಿಸಿಕೊಂಡದ್ದು ಆಮೇಲೆ, 1901ರಲ್ಲಿ. ಪದ್ಧತಿಗೆ ಉಳಿದ ಹೆಸರು ಮಾತ್ರ ಹೆನ್ರಿಯದು.

ಗುರುತಿಗಾಗಿ ಹುಟ್ಟಿದ ಸಾಧನ ಬೇಗನೆ ನಿಗಾ ಇಡುವ ಸಾಧನವಾಯಿತು. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿದ ಸಮುದಾಯಗಳ ಜನರ ಬೆರಳಚ್ಚು ತೆಗೆಯಲು ಅಧಿಕಾರ ಕೊಟ್ಟಿತು. ಸೊಲ್ಲಾಪುರದ ಮುಳ್ಳುತಂತಿಯ ಸೆಟ್ಲ್‌ಮೆಂಟಿನ ನೆನಪು ನಮ್ಮ ಭಾಗದ ಹಿರಿಯರಲ್ಲಿ ಇನ್ನೂ ಅಳಿದಿಲ್ಲ. ಸ್ವತಂತ್ರ ಭಾರತ ಆ ಕಾಯಿದೆಯನ್ನು ರದ್ದುಪಡಿಸಿ 1952ರಲ್ಲಿ ಆ ಜನರನ್ನು ಹಣೆಪಟ್ಟಿಯಿಂದ ಬಿಡುಗಡೆ ಮಾಡಿತು.

ಬೆರಳಚ್ಚಿನ ಒತ್ತಾಯಕ್ಕೆ ಎದುರಾದ ಮೊದಲ ದೊಡ್ಡ ಪ್ರತಿಭಟನೆಯ ನಾಯಕ ಗಾಂಧೀಜಿಯೆಂಬುದು ಗಮನಾರ್ಹ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಸರ್ಕಾರ ಭಾರತೀಯರೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಹೊರಡಿಸಿದ ಆಜ್ಞೆಯ ವಿರುದ್ಧ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಸಭೆ ಸೇರಿತು. ಸತ್ಯಾಗ್ರಹದ ಚರಿತ್ರೆ ಆರಂಭವಾಗುವುದು ಅಲ್ಲಿಂದ. 1908ರ ಜನವರಿಯಲ್ಲಿ ರಾಜಿಯಾಗಿ, ಕಾನೂನಿನ ಬಲವಂತವಿಲ್ಲದಿದ್ದರೆ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಬಹುದೆಂದು ಗಾಂಧೀಜಿ ಒಪ್ಪಿದರು. ಅದಕ್ಕಾಗಿ ಫೆಬ್ರುವರಿ 10ರಂದು ತಮ್ಮವರಿಂದಲೇ ಪೆಟ್ಟು ತಿಂದರು. ಸರ್ಕಾರ ಮಾತು ತಪ್ಪಿದಾಗ ಆಗಸ್ಟ್ 16ರಂದು ಸಾವಿರಾರು ನೋಂದಣಿ ಪತ್ರಗಳು ಬೆಂಕಿಗೆ ಬಿದ್ದವು. ಅಚ್ಚು ಅದೇ, ಬೆರಳೂ ಅದೇ. ಮನಸ್ಸಿನಿಂದ ಕೊಟ್ಟದ್ದಕ್ಕೂ ಬಲವಂತದಿಂದ ಕಿತ್ತುಕೊಂಡದ್ದಕ್ಕೂ ಇರುವ ಅಂತರವನ್ನು ಅವರು ಅಂದೇ ಗುರುತಿಸಿದ್ದರು.

ಬೆರಳ ತುದಿಯ ಗೆರೆಗಳು

ಈ ಗೆರೆಗಳು ಏಕೆ ಒಬ್ಬರಂತೆ ಇನ್ನೊಬ್ಬರಿಗಿಲ್ಲ? ಮಗು ಗರ್ಭದಲ್ಲಿರುವಾಗ ಸುಮಾರು 10ನೆಯ ವಾರದಿಂದ ಬೆರಳ ತುದಿಯ ಚರ್ಮದ ಒಳಪದರದಲ್ಲಿ ಮಡಿಕೆಗಳು ಮೂಡತೊಡಗುತ್ತವೆ. 17ನೆಯ ವಾರದ ಹೊತ್ತಿಗೆ ವಿನ್ಯಾಸ ಬಹುಮಟ್ಟಿಗೆ ನಿಂತುಬಿಡುತ್ತದೆ. ಸುಳಿಯೋ ಕುಣಿಕೆಯೋ ಕಮಾನೋ ಎಂಬುದನ್ನು ವಂಶಗುಣ ಬಹಳಷ್ಟು ನಿರ್ಧರಿಸಿದರೂ, ಗೆರೆ ಎಲ್ಲಿ ಕವಲೊಡೆಯಬೇಕು, ಎಲ್ಲಿ ಮುಗಿಯಬೇಕು ಎಂಬುದು ಗರ್ಭದೊಳಗಿನ ಸಣ್ಣಪುಟ್ಟ ಒತ್ತಡಗಳಿಗೆ ಸೇರಿದ್ದು. ಆದ್ದರಿಂದಲೇ ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೆರಳಚ್ಚೂ ಬೇರೆ ಬೇರೆ.

ಈ ವಿನ್ಯಾಸದ ಬೇರು ಒಳಪದರದಲ್ಲಿರುವುದರಿಂದ ಮೇಲಿನ ಚರ್ಮ ತರಚಿದರೂ ಸುಟ್ಟರೂ ಕೆಲವು ವಾರಗಳಲ್ಲಿ ಅದೇ ಗೆರೆ ಮರಳಿ ಬರುತ್ತದೆ. ಆದರೆ ದಿನವೂ ಸವೆಯುವ ಬೆರಳಿಗೆ ಆ ವಿರಾಮ ಸಿಗುವುದಿಲ್ಲ. ಸಿಮೆಂಟು ಕಲಸುವವನು, ಕಲ್ಲು ಒಡೆಯುವವನು, ಸುಗ್ಗಿಯುದ್ದಕ್ಕೂ ಕಬ್ಬು ಕಡಿಯಲು ಮರಾಠವಾಡದಿಂದ ದೂರದ ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ಕೂಲಿಗಾರ, ಪಾತ್ರೆ ಬಟ್ಟೆಗಳ ಸಾಬೂನಿನಲ್ಲಿ ಕೈಯಾಡಿಸುವ ಹೆಂಗಸು, ಇವರ ಉಬ್ಬುಗೆರೆಗಳು ತೇಯ್ದುಹೋಗುತ್ತವೆ. ಮುಪ್ಪಿನಲ್ಲಿ ಚರ್ಮ ಒಣಗಿ ಸಡಿಲವಾಗುವುದರಿಂದ ಗೆರೆಗಳು ಇನ್ನಷ್ಟು ಮಸುಕಾಗುತ್ತವೆ. ಪಡಿತರ ಅಂಗಡಿಯ ಯಂತ್ರ ಅಜ್ಜಿಯ ಬೆರಳನ್ನು ಗುರುತಿಸದಿದ್ದಾಗ ಆಕೆ ಅದನ್ನು ತಲೆಗೂದಲಿಗೆ ಉಜ್ಜಿ ಮತ್ತೆ ಇಡುತ್ತಾಳೆ. ಕೂದಲ ಜಿಡ್ಡು ಒಣಚರ್ಮಕ್ಕೆ ಕೊಂಚ ತೇವ ಕೊಡುವುದರಿಂದ ಕೆಲವೊಮ್ಮೆ ಅಚ್ಚು ಮೂಡುವುದೂ ಉಂಟು.

ಔಷಧವೂ ಗೆರೆಯನ್ನು ಅಳಿಸಬಲ್ಲದು. ಕ್ಯಾನ್ಸರಿಗೆ ಕೊಡುವ ಕೆಪಿಸಿಟಬೀನ್ ಎಂಬ ಮಾತ್ರೆಯಿಂದ ಅಂಗೈ ಅಂಗಾಲುಗಳ ಚರ್ಮ ಸುಲಿಯುವುದುಂಟು. ಅದನ್ನು ಸೇವಿಸುತ್ತಿದ್ದ ಸಿಂಗಪುರದ 62 ವರ್ಷದ ಒಬ್ಬರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಿಮಾನನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆಹಿಡಿದ ಪ್ರಸಂಗವನ್ನು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. ಹುಟ್ಟಿನಿಂದಲೇ ಬೆರಳಗೆರೆಯಿಲ್ಲದ ಕೆಲವು ಕುಟುಂಬಗಳೂ ಜಗತ್ತಿನಲ್ಲಿವೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2011ರಲ್ಲಿ ಪತ್ತೆಹಚ್ಚಲಾಯಿತು.

ನೀರಿನಲ್ಲಿ ಬಹಳ ಹೊತ್ತು ಇಟ್ಟ ಬೆರಳು ಸುಕ್ಕಾಗುವುದೂ ಎಲ್ಲರ ಅನುಭವ. ಚರ್ಮ ನೀರು ಕುಡಿದು ಉಬ್ಬುವುದೇ ಇದಕ್ಕೆ ಕಾರಣವೆಂಬ ನಂಬಿಕೆ ಸರಿಯಲ್ಲ. ನರ ಕತ್ತರಿಸಿದ ಬೆರಳು ನೀರಿನಲ್ಲಿ ಸುಕ್ಕಾಗುವುದಿಲ್ಲವೆಂಬುದನ್ನು ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ನರಗಳ ಆಜ್ಞೆಯಂತೆ ಬೆರಳ ತುದಿಯ ರಕ್ತನಾಳಗಳು ಕುಗ್ಗುವುದರಿಂದ ಈ ಸುಕ್ಕು ಮೂಡುತ್ತದೆ. ಒದ್ದೆಯ ವಸ್ತುವನ್ನು ಬಿಗಿಯಾಗಿ ಹಿಡಿಯಲು ಅದು ನೆರವಾಗುತ್ತದೆಂಬುದು ಇಂದಿನ ವಿಜ್ಞಾನಿಗಳ ಅಭಿಪ್ರಾಯ.

ಈ ಸಂಗತಿಗಳಿಂದ ಒಂದು ಮಾತು ಸ್ಪಷ್ಟ. ಬೆರಳಚ್ಚು ಜೀವಂತ ಚರ್ಮದ ಗುರುತು. ಎಲ್ಲರಿಗಿಂತ ಹೆಚ್ಚು ದುಡಿದವರ, ಎಲ್ಲರಿಗಿಂತ ಹೆಚ್ಚು ಬಾಳಿದವರ ಗುರುತೇ ಎಲ್ಲರಿಗಿಂತ ಮೊದಲು ಮಸುಕಾಗುತ್ತದೆ.

ಹಳ್ಳಿಯ ಸಂಖ್ಯೆ, ಜೇಬಿನ ಬೀಗ

2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಆದಿವಾಸಿಗಳ ಹಳ್ಳಿಯಲ್ಲಿ ದೇಶದ ಮೊದಲ ಆಧಾರ್ ಸಂಖ್ಯೆಯನ್ನು ನೀಡಲಾಯಿತು. ಆ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಮುಖಚಿತ್ರ, ಇವಿಷ್ಟರ ಬಲದಿಂದ 12 ಅಂಕಿಗಳ ಸಂಖ್ಯೆ. ಯಾವ ಕಾಗದವೂ ಇಲ್ಲದ ಬಡವನಿಗೆ ತಾನು ಯಾರೆಂದು ತೋರಿಸುವ ದಾರಿ ಇದರಿಂದ ತೆರೆಯಿತೆಂಬುದು ನಿಜ. ಸತ್ತವರ ಹೆಸರಿನಲ್ಲಿ ಪಡಿತರ ಎತ್ತುವುದಕ್ಕೆ ಅಡ್ಡಿಯಾಯಿತೆಂಬುದೂ ನಿಜ.

ಇದರ ಬೆನ್ನಲ್ಲೇ ಬೆರಳಚ್ಚು ಉಳ್ಳವರ ಜೇಬಿಗೂ ಬಂತು. 2013ರಲ್ಲಿ ಆಪಲ್ ಕಂಪನಿಯ ಐಫೋನ್ 5ಎಸ್ ಬೆರಳಿಟ್ಟರೆ ತೆರೆಯುವ ಬೀಗವನ್ನು ಜನಪ್ರಿಯಗೊಳಿಸಿತು. ಮಾರಾಟ ಆರಂಭವಾದ ಕೆಲವೇ ದಿನಗಳಲ್ಲಿ ಜರ್ಮನಿಯ ಕಂಪ್ಯೂಟರ್ ಪರಿಣತರ ಗುಂಪೊಂದು ಗಾಜಿನ ಮೇಲೆ ಉಳಿದ ಅಚ್ಚಿನಿಂದ ನಕಲಿ ಬೆರಳು ಮಾಡಿ ಆ ಬೀಗ ತೆರೆದು ತೋರಿಸಿತು. 2014ರಲ್ಲಿ ಅದೇ ಗುಂಪಿನ ಒಬ್ಬ ಸಂಶೋಧಕ, ಆಗ ಜರ್ಮನಿಯ ರಕ್ಷಣಾ ಸಚಿವೆಯಾಗಿದ್ದ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರ ಹೆಬ್ಬೆಟ್ಟಿನ ಗೆರೆಗಳನ್ನು ಅವರ ಛಾಯಾಚಿತ್ರಗಳಿಂದಲೇ ಮರುರಚಿಸಿದುದಾಗಿ ಪ್ರಕಟಿಸಿದ.

ಇಲ್ಲಿ ಒಂದು ವ್ಯತ್ಯಾಸವನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಸಾಮಾನ್ಯವಾಗಿ ಮೊಬೈಲಿನ ಬೀಗಕ್ಕೆ ಕೊಟ್ಟ ಬೆರಳಚ್ಚು ಚಿತ್ರರೂಪದಲ್ಲಿರದೆ ಗಣಿತರೂಪದಲ್ಲಿ ಆ ಮೊಬೈಲಿನೊಳಗೇ ಉಳಿಯುತ್ತದೆ. ಆಧಾರಿನ ಅಚ್ಚು ಹಾಗಲ್ಲ, ಅದು ಕೇಂದ್ರದ ಸಂಗ್ರಹದಲ್ಲಿರುತ್ತದೆ. ಅಂಗಡಿಯಲ್ಲಿಟ್ಟ ಬೆರಳನ್ನು ಅದರೊಡನೆ ಹೋಲಿಸಲಾಗುತ್ತದೆ. ಗುಪ್ತಪದ ಕಳುವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ಒಬ್ಬ ಹಿರಿಯ ಕನ್ನಡಿಗನ ಅರ್ಜಿ

2012ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಆಗ ಅವರಿಗೆ 86 ವರ್ಷ. ಸಂಸತ್ತು ಕಾನೂನು ಮಾಡದೆ ಜನರ ಬೆರಳಚ್ಚು ಸಂಗ್ರಹಿಸುವುದು ಸರಿಯೇ ಎಂಬುದು ಅವರ ಪ್ರಶ್ನೆಯ ತಿರುಳು. 1954ರ ಎಂಟು ನ್ಯಾಯಾಧೀಶರ ತೀರ್ಪೊಂದನ್ನು ಆಧರಿಸಿ, ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ 2015ರಲ್ಲಿ ವಾದಿಸಿತು. ಆ ವಾದವನ್ನು ಬಗೆಹರಿಸಲು ಒಂಬತ್ತು ನ್ಯಾಯಾಧೀಶರ ಪೀಠ ಕುಳಿತಿತು. ಅವರಲ್ಲಿ ಕರ್ನಾಟಕದ ಎಸ್. ಅಬ್ದುಲ್ ನಜೀರ್ ಅವರೂ ಒಬ್ಬರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನವು ಜೀವದ ಹಕ್ಕಿನೊಳಗೇ ಅಡಕವಾದ ಮೂಲಭೂತ ಹಕ್ಕೆಂದು ಸಾರಿದರು.

2018ರ ಸೆಪ್ಟೆಂಬರ್ 26ರಂದು ಬಂದ ಮುಂದಿನ ತೀರ್ಪು ನಾಲ್ಕಕ್ಕೆ ಒಂದರ ಬಹುಮತದಿಂದ, ಆ ವೇಳೆಗೆ ಜಾರಿಗೆ ಬಂದಿದ್ದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಖಾಸಗಿ ಕಂಪನಿಗಳು ಆಧಾರ್ ಬಳಸಲು ಇದ್ದ ಅವಕಾಶವನ್ನು ಹೊಡೆದುಹಾಕಿತು. ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ಅದನ್ನು ಜೋಡಿಸಲೇಬೇಕೆಂಬ ಒತ್ತಾಯವನ್ನು ತೆಗೆಯಿತು. ಬೆರಳಚ್ಚು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬ ಕಾಳಜಿಯೂ ಆ ತೀರ್ಪಿನಲ್ಲಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಭಾರತದ ಕಾನೂನು ವಿದ್ಯಾರ್ಥಿಗಳೆಲ್ಲ ಇಂದು ಖಾಸಗಿತನದ ಹಕ್ಕನ್ನು ಅವರ ಹೆಸರಿನಿಂದಲೇ ಕಲಿಯುತ್ತಾರೆ.

ಹಳೆಯ ಪತ್ರ, ಹೊಸ ಕಳವು

ಸಾಲಪತ್ರದ ಗುರುತು ರೈತನನ್ನು ಕಾಡಿದಂತೆ ನೋಂದಣಿ ಪತ್ರದ ಗುರುತು ನಮ್ಮ ಕಾಲದಲ್ಲಿ ಮತ್ತೆ ಕಾಡಿತು. 2001ರ ತಿದ್ದುಪಡಿಯಂತೆ ಆಸ್ತಿ ಮಾರುವವರೂ ಕೊಳ್ಳುವವರೂ ನೋಂದಣಿಯ ವೇಳೆ ಭಾವಚಿತ್ರ ಮತ್ತು ಬೆರಳಚ್ಚು ಕೊಡಬೇಕು. 2023ರಲ್ಲಿ ಕರ್ನಾಟಕದಲ್ಲಿ, ವಿಶೇಷವಾಗಿ ದಕ್ಷಿಣ ಕನ್ನಡದಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಪಡೆದು, ನಕಲಿ ಬೆರಳು ತಯಾರಿಸಿ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದ ಪ್ರಕರಣಗಳವು. ಕಿಸೆಗೆ ಕೈಹಾಕದೆ, ಮನೆಯ ಬಾಗಿಲು ಮುರಿಯದೆ ನಡೆದ ಕಳವು ಇದು.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೂ ಇದೆ. ಆಧಾರ್ ಪ್ರಾಧಿಕಾರದ ತಾಣದಲ್ಲಿ ಅಥವಾ ಅದರ ಮೊಬೈಲ್ ಸೌಲಭ್ಯದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು. ಪ್ರತಿಯೊಂದು ಕಡೆ ಪೂರ್ಣ ಸಂಖ್ಯೆಯ ನಕಲು ಕೊಡುವ ಬದಲು ಮೊದಲ ಎಂಟು ಅಂಕಿಗಳು ಮರೆಯಾದ ಪ್ರತಿಯನ್ನು ಕೊಡಬಹುದು. ಕೈಗಡಿಯಾರದಂತೆ ಕಟ್ಟುವ ಆರೋಗ್ಯಯಂತ್ರಗಳ ವಿಷಯದಲ್ಲೂ ಈ ಎಚ್ಚರ ಬೇಕು. ಹಿಂದೆ ವೈದ್ಯನು ನಾಡಿ ಹಿಡಿದಾಗ ತಿಳಿದದ್ದು ಅವನಲ್ಲೇ ಉಳಿಯುತ್ತಿತ್ತು. ಈಗ ಮಣಿಕಟ್ಟಿನ ಹಸಿರು ಬೆಳಕು ರಕ್ತದ ಏರಿಳಿತವನ್ನು ಎಣಿಸಿ ಹೃದಯದ ಬಡಿತವನ್ನೂ ನಿದ್ದೆಯ ಹೊತ್ತನ್ನೂ ಲೆಕ್ಕ ಹಾಕುತ್ತದೆ. ಆ ಲೆಕ್ಕ ಬಹುಪಾಲು ಕಂಪನಿಯ ಸಂಗ್ರಹಕ್ಕೂ ಹೋಗುತ್ತದೆ. ಅದಕ್ಕೆ ಅನುಮತಿ ಕೊಟ್ಟವರು ನಾವೇ, ಉದ್ದನೆಯ ಇಂಗ್ಲಿಷ್ ಷರತ್ತುಗಳ ಕೆಳಗಿನ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಓದದೆ ಒತ್ತಿದವರು. ಆ ಗಳಿಗೆಯಲ್ಲಿ ನಮಗೂ 1875ರ ದಖ್ಖನಿನ ರೈತನಿಗೂ ಇರುವ ಅಂತರ ಬಹಳ ಕಡಿಮೆ.

ಈ ನಿಟ್ಟಿನಲ್ಲಿ ಕನ್ನಡ ಸಂಘಗಳು ಗಮನಿಸಲೇಬೇಕಾದ ಒಂದು ಕಾನೂನು ಬಂದಿದೆ. 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಯ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಂತೆ, ನಮ್ಮ ವಿವರಗಳನ್ನು ಕೇಳುವವರು ಯಾವುದಕ್ಕಾಗಿ ಕೇಳುತ್ತಿದ್ದೇವೆಂಬ ಸೂಚನೆಯನ್ನು ಕೊಡಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ನಮಗಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಇದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಭಾಷೆಯ ಆಯ್ಕೆ ಓದುವವನದು, ಅವನು ವಾಸಿಸುವ ರಾಜ್ಯದ್ದಲ್ಲ. ಮಹಾರಾಷ್ಟ್ರದ ಉದಗೀರದಲ್ಲಿ ಕುಳಿತ ಕನ್ನಡಿಗನಿಗೂ ಕನ್ನಡದಲ್ಲಿ ಓದಿಯೇ ಒಪ್ಪುವ ಹಕ್ಕನ್ನು ಈ ಕಾಯಿದೆ ಕೊಡುತ್ತದೆ.

ಪರ್ಷಿಯನ್, ಉರ್ದು, ಮರಾಠಿ, ಇಂಗ್ಲಿಷ್ ಹೀಗೆ ಒಂದಾದ ಮೇಲೊಂದು ಬಂದ ಕಚೇರಿಯ ಭಾಷೆಗಳ ಮುಂದೆ ಬೆರಳೊತ್ತಿ ನಡೆದ ಸೀಮೆಗೆ ಇದು ಸಣ್ಣ ಮಾತಲ್ಲ. ಆದರೆ ಕೇಳದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಸಂಜೆಯ ಶಾಲೆ ನಡೆಸಿ ಹಿರಿಯರಿಗೆ ಸಹಿ ಕಲಿಸಿದಂತೆ, ಬೆರಳಚ್ಚಿಗೆ ಬೀಗ ಹಾಕುವುದನ್ನೂ ಸೂಚನೆಯನ್ನು ಕನ್ನಡದಲ್ಲಿ ಕೇಳಿ ಓದುವುದನ್ನೂ ಮನೆಮನೆಗೆ ಕಲಿಸುವ ಕೆಲಸವನ್ನು ಸಂಘದ ಯುವಕ ಯುವತಿಯರು ಕೈಗೆತ್ತಿಕೊಳ್ಳಬಹುದು. ಹಿರಿಯರ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದಾಗ ಬೇರೆ ದಾರಿಯಲ್ಲಿ ಪಡಿತರ ಕೊಡಿರೆಂದು ಅವರ ಪರವಾಗಿ ನಿಲ್ಲುವುದೂ ಆ ಕೆಲಸದ ಭಾಗವೇ. ಒಪ್ಪ ಹಾಕುವ ಮೊದಲು ಓದಬೇಕು, ಓದಲಾರದವನಿಗೆ ಓದಿ ಹೇಳಬೇಕು. ಅಷ್ಟಾದರೆ ಹೆಬ್ಬೆಟ್ಟು ಮತ್ತೆ ಬೈಗುಳದ ಮಾತಾಗದು.